ಗುರುಮಲ್ಲಪ್ಪನವರ ಸೊನ್ನೆ

ಬೆಳಿಗ್ಗೆ ಒಂಬತ್ತೂವರೆಗೆ ಗುರುಮಲ್ಲಪ್ಪನವರ ಎದುರಿಗೆ ಇಪ್ಪತ್ತು ಗಾಜಿನ ಭರಣಿಗಳು ಬಂದು ಕೂರುತ್ತಿದ್ದವು. ಪ್ರತಿಯೊಂದರಲ್ಲೂ ಯಾರೋ ರಾತ್ರಿಯಿಡೀ ಕತ್ತಿಗೆ ಸುತ್ತಿಕೊಂಡು ಮಲಗಿದ್ದ ಹತ್ತಿಬಟ್ಟೆಯ ತುಂಡು. ಅವರ ಕೆಲಸ ಇಷ್ಟೇ: ಮುಚ್ಚಳ ತೆಗೆಯುವುದು, ಮೂಸುವುದು, ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಬರೆಯುವುದು, ಮುಚ್ಚುವುದು. ಹೇಸಿಗೆಯ ಕೆಲಸವೆಂದು ಮೊದಲ ದಿನವೇ ಹೇಳಿದ್ದರು, ಹದಿನಾಲ್ಕು ತಿಂಗಳಾದ ಮೇಲೂ ಹಾಗೇ ಹೇಳುತ್ತಿದ್ದರು. ಬೆವರು, ಜಿಡ್ಡು, ಕಮಟು ಹರಳೆಣ್ಣೆ, ಒಬ್ಬರ ಹೊಗೆಸೊಪ್ಪು, ಇನ್ನೊಬ್ಬರ ನೋವಿನ ಮುಲಾಮು. ಈ ಕೊಳಕಿನ ಅಡಿಯಲ್ಲಿ ಅವರು ಹುಡುಕಬೇಕಾದ ಒಂದು ಎಳೆ ಇರುತ್ತಿತ್ತು. ಅದನ್ನು ಹಿಡಿಯಬಲ್ಲವರು ಆ ಕಟ್ಟಡದಲ್ಲಿ ಅವರೊಬ್ಬರೇ. ಹೇಸಿಗೆಯ ಜೊತೆಗೆ ಕೊಂಚ ಜಂಬವೂ ಇತ್ತೆಂದು ಒಪ್ಪಿಕೊಳ್ಳಬೇಕು.

ಮೂವತ್ತು ವರ್ಷ ಮೈಸೂರಿನ ಒಂದು ಊದುಬತ್ತಿ ಕಾರ್ಖಾನೆಯಲ್ಲಿ ಗಂಧದ ಮೇಸ್ತ್ರಿಯಾಗಿದ್ದವರು ಅವರು. ಶ್ರೀಗಂಧ, ಲಾವಂಚ, ಸಾಂಬ್ರಾಣಿ, ಪುನುಗು ಯಾವುದು ಎಷ್ಟು ಬೆರೆಯಬೇಕೆಂದು ತಕ್ಕಡಿಗಿಂತ ಮೊದಲು ಅವರ ಮೂಗು ಹೇಳುತ್ತಿತ್ತು. ಕಾರ್ಖಾನೆಯವರು ಡ್ರಮ್ಮುಗಳಲ್ಲಿ ತಯಾರಾಗಿ ಬರುವ ಸುವಾಸನೆ ಕೊಳ್ಳಲು ಶುರುಮಾಡಿದ ದಿನ ಆ ಡ್ರಮ್ಮಿನ ಗುಲಾಬಿಯನ್ನು ಒಮ್ಮೆ ಮೂಸಿ, ಮಾಲೀಕರ ಮೇಜಿನ ಮೇಲೆ ಬೀಗದ ಕೈ ಇಟ್ಟು ಮನೆಗೆ ಬಂದರು. ಲೋಕದಲ್ಲಿ ಅವರಿಗೆ ಹಿಡಿಸುತ್ತಿದ್ದ ವಾಸನೆಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಫಿನಾಯಿಲು, ಪೌಡರು, ಮದುವೆಮನೆಯ ಪನ್ನೀರು ಎಲ್ಲಕ್ಕೂ ಮುಖ ಸಿಂಡರಿಸುತ್ತಿದ್ದರು. ಹೆಂಡತಿ ಗೌರಾಂಬ ಬೀರುವಿನಲ್ಲಿ ನುಸಿಗುಳಿಗೆ ಇಟ್ಟಳೆಂದು ಮೂರು ದಿನ ಮಾತು ಬಿಟ್ಟಿದ್ದರು. ಗೌರಾಂಬನ ಮೂಗಿರುವುದು ಕನ್ನಡಕ ನಿಲ್ಲಿಸಿಕೊಳ್ಳುವುದಕ್ಕೆ ಎಂದು ನೆಂಟರ ಎದುರಿಗೇ ಹೇಳುತ್ತಿದ್ದರು. ಅವಳು ನಕ್ಕು ಒಳಗೆ ಹೋಗುತ್ತಿದ್ದಳು.

ಅಂಥ ಮೂಗನ್ನು ಹುಡುಕಿಕೊಂಡು ಬಂದವರು ಡಾಕ್ಟರ್ ಐರಿನ್ ಲೋಬೊ. ಊರಾಚೆಯ ಕೈಗಾರಿಕಾ ಪ್ರದೇಶದಲ್ಲಿ ‘ಘ್ರಾಣ’ ಎಂಬ ಸಂಸ್ಥೆ ಪಾರ್ಕಿನ್‌ಸನ್ ರೋಗಕ್ಕೆ ಒಂದು ಯಂತ್ರ ಮಾಡುತ್ತಿತ್ತು. ಈ ರೋಗದಲ್ಲಿ ಮಿದುಳಿನಲ್ಲಿ ಡೋಪಮಿನ್ ತಯಾರಿಸುವ ಜೀವಕೋಶಗಳು ಒಂದೊಂದಾಗಿ ಸಾಯುತ್ತವೆ. ಕೈ ನಡುಗುತ್ತದೆ, ಮೈ ಬಿಗಿಯುತ್ತದೆ, ನಡೆಯುತ್ತಿದ್ದವರ ಪಾದ ನೆಲಕ್ಕೆ ಅಂಟಿ ನಿಲ್ಲುತ್ತದೆ. ಔಷಧಿ ಕಡಿಮೆಯಾದರೆ ಮನುಷ್ಯ ಮರವಾಗುತ್ತಾನೆ, ಹೆಚ್ಚಾದರೆ ಮೈಯೆಲ್ಲ ತನ್ನಷ್ಟಕ್ಕೇ ಹೊರಳಾಡುತ್ತದೆ. ಇವೆರಡರ ನಡುವಿನ ಓಣಿ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತದೆ. ಮೂರು ತಿಂಗಳಿಗೊಮ್ಮೆ ಹತ್ತು ನಿಮಿಷ ನೋಡುವ ವೈದ್ಯರಿಗೆ ಆ ಓಣಿ ಎಲ್ಲಿದೆಯೆಂದು ತಿಳಿಯುವುದು ಹೇಗೆ?

ಲೋಬೊ ಅವರ ಉತ್ತರ ಚರ್ಮದ ಜಿಡ್ಡು. ರೋಗ ಹಿಡಿದವರ ಜಿಡ್ಡಿನ ವಾಸನೆ ಬದಲಾಗುತ್ತದೆ, ಔಷಧಿ ಮೈಗೆ ಹತ್ತಿದಾಗ ಆ ವಾಸನೆ ತಗ್ಗುತ್ತದೆ, ಸಾಲದಾದಾಗ ಏರುತ್ತದೆ ಎಂದು ಅವರು ಕಂಡುಕೊಂಡಿದ್ದರು. ಅದನ್ನು ಹಿಡಿಯಲು ರೂಪಾಯಿ ಅಗಲದ ಒಂದು ಬಿಲ್ಲೆ ಮಾಡಿ ರೋಗಿಗಳ ಹಿಂಗತ್ತಿಗೆ ಅಂಟಿಸಿದರು. ಬಿಲ್ಲೆ ಮೂಸಿ ಸಂಸ್ಥೆಯ ನಿಗಾಕೋಣೆಗೆ ಅಂಕ ಕಳಿಸುತ್ತದೆ, ಅಂಕ ನೋಡಿ ಸೊಂಟದಲ್ಲಿರುವ ಬೆಂಕಿಪೊಟ್ಟಣದಷ್ಟು ಪಂಪು ಚರ್ಮದ ಕೆಳಗೆ ಔಷಧಿ ಬಿಡುತ್ತದೆ. ಅಂಕ ಏರಿದರೆ ಹೆಚ್ಚು, ಇಳಿದರೆ ಕಡಿಮೆ. ತೊಂದರೆಯೆಂದರೆ ಮೈಯ ಎಣ್ಣೆ ಕುಡಿದು ಬಿಲ್ಲೆ ವಾರಕ್ಕೇ ಮಂಕಾಗುತ್ತಿತ್ತು. ಪ್ರತಿವಾರ ಅದಕ್ಕೆ ಹೊಸದಾಗಿ ಪಾಠ ಹೇಳಬೇಕು. ಆ ಪಾಠ ಗುರುಮಲ್ಲಪ್ಪನವರ ಅಂಕ. ಅವರು ಆರು ಎಂದರೆ ಯಂತ್ರವೂ ಆರು ಎನ್ನುವುದನ್ನು ಕಲಿಯುತ್ತಿತ್ತು.

ಮೊದಲ ಭರಣಿ ತೆಗೆದ ದಿನವೇ ಅವರು ಆ ಎಳೆಯನ್ನು ಹಿಡಿದಿದ್ದರು. ಬಹಳ ದಿನ ಮುಚ್ಚಿಟ್ಟ ಪೆಟ್ಟಿಗೆಯಲ್ಲಿನ ಉಣ್ಣೆ, ಅದರ ಹಿಂದೆ ಹುಳಿಬಂದ ಬೆಣ್ಣೆ, ಎಲ್ಲೋ ದೂರದಲ್ಲಿ ಪುನುಗು. ಒಂದು ಮೂಸಿದ ಮೇಲೆ ಇನ್ನೊಂದಕ್ಕೆ ಹೋಗುವ ಮುಂಚೆ ಮೂಗನ್ನು ತೊಳೆಯಬೇಕಲ್ಲ. ಬೇಯಿಸಿ ಪೊಟ್ಟಣ ಕಟ್ಟಿದ ಶುದ್ಧ ಹತ್ತಿಯನ್ನು ಮೂಸಬೇಕೆಂದು ಲೋಬೊ ನಿಯಮ ಬರೆದಿಟ್ಟಿದ್ದರು. ಗುರುಮಲ್ಲಪ್ಪ ಒಮ್ಮೆ ಮೂಸಿ, ಇದರಲ್ಲಿ ಗಿರಣಿಯ ವಾಸನೆ ಇದೆಯೆಂದು ಪಕ್ಕಕ್ಕಿಟ್ಟರು. ಗಂಧದ ಕೆಲಸದವರೆಲ್ಲ ಮಾಡುವಂತೆ ಅಂಗಿಯ ತೋಳು ಮಡಿಸಿ ಮೊಣಕೈಯ ಒಳಮಡಿಕೆಗೆ ಮೂಗಿಟ್ಟು ಎರಡು ಉಸಿರು ಎಳೆದರು. ಎಂಟು ವರ್ಷದವರಿದ್ದಾಗ ಅಪ್ಪ ಕಲಿಸಿದ್ದು ಅದನ್ನೇ: ನಿನ್ನ ಮೈ ನಿನಗೆ ನಾರುವುದಿಲ್ಲ, ಅದಕ್ಕೇ ನಿನ್ನ ತೋಳೇ ನಿನ್ನ ಸೊನ್ನೆ. ಲೋಬೊ ಪರೀಕ್ಷಿಸಲೆಂದು ಒಂದೇ ಭರಣಿಯನ್ನು ಬೇರೆ ಬೇರೆ ಸಂಖ್ಯೆ ಹಚ್ಚಿ ಮೂರು ಸಲ ಕೊಟ್ಟರು. ಮೂರು ಸಲವೂ ಏಳು ಬಂತು. ಹತ್ತಿಯ ಪೊಟ್ಟಣ ಕಪಾಟು ಸೇರಿತು.

ಮೊದಲ ನಾಲ್ಕು ತಿಂಗಳು ಹಬ್ಬ. ನಿಗಾಕೋಣೆಯ ಗೋಡೆಯ ಮೇಲೆ ಅರವತ್ತು ಚೌಕಗಳು, ಅರವತ್ತು ಜನ. ಕೆಂಪಾಗಿದ್ದವು ಹಳದಿಯಾದವು, ಹಳದಿಯವು ಹಸಿರಾದವು. ನಲವತ್ತೊಂದನೇ ಚೌಕದ ಸಿದ್ದೇಗೌಡರು ವಿದ್ಯಾರಣ್ಯಪುರದ ನಿವೃತ್ತ ಡ್ರಿಲ್ ಮೇಷ್ಟ್ರು. ಗಾಲಿಕುರ್ಚಿಯಲ್ಲಿ ಬಂದಿದ್ದವರು ಒಂದು ದಿನ ಸಂಸ್ಥೆಯ ಪಡಸಾಲೆಯಲ್ಲಿ ಎದ್ದು ನಿಂತು, ಎಡ ಬಲ ಎಡ ಬಲ ಎಂದು ತಾವೇ ಹೇಳಿಕೊಳ್ಳುತ್ತ ಗೋಡೆಯಿಂದ ಗೋಡೆಗೆ ನಡೆದು, ಗುರುಮಲ್ಲಪ್ಪನವರ ಮುಂದೆ ನಿಂತು ಸಲ್ಯೂಟು ಹೊಡೆದರು. ಆ ದಿನ ಮಾತ್ರ ಗುರುಮಲ್ಲಪ್ಪ ಮನೆಗೆ ಬಂದು ಯಾವುದರ ಮೇಲೂ ಮೂಗು ಮುರಿಯಲಿಲ್ಲ.

ಆಮೇಲೆ ಇನ್ನೂ ಒಳ್ಳೆಯ ಸುದ್ದಿ. ಅಂಕಗಳು ಇಳಿಯುತ್ತಲೇ ಹೋದವು. ಐದಿದ್ದವರು ನಾಲ್ಕು, ನಾಲ್ಕಿದ್ದವರು ಮೂರು. ಪಂಪುಗಳು ಔಷಧಿ ಕಡಿಮೆ ಮಾಡುತ್ತ ಬಂದವು. ನಿರ್ದೇಶಕ ಪ್ರಭಂಜನ ಆ ಇಳಿಯುವ ಗೆರೆಯನ್ನು ಚೌಕಟ್ಟು ಹಾಕಿಸಿ ತಮ್ಮ ಕೋಣೆಯಲ್ಲಿ ನೇತುಹಾಕಿದರು. ನಮ್ಮ ಯಂತ್ರದಿಂದ ಮೂರರಲ್ಲಿ ಒಂದು ಪಾಲು ಔಷಧಿ ಉಳಿತಾಯ ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು. ಅವರು ನಿಂಬೆವಾಸನೆಯ ಏನನ್ನೋ ಮೈಗೆಲ್ಲ ಸಿಂಪಡಿಸಿಕೊಂಡು ಬರುತ್ತಿದ್ದರು. ಅವರು ಬರುವ ಮುಂಚೆ ಆ ನಿಂಬೆ ಬರುತ್ತಿತ್ತು, ಹೋದ ಮೇಲೂ ಅರ್ಧ ಗಂಟೆ ಅಲ್ಲೇ ಇರುತ್ತಿತ್ತು. ಗುರುಮಲ್ಲಪ್ಪನವರು ಅವರೊಂದಿಗೆ ಮಾತಾಡುವಾಗ ಬಾಯಲ್ಲೇ ಉಸಿರಾಡುತ್ತಿದ್ದರು.

ಫೋನುಗಳು ಬರತೊಡಗಿದ್ದು ಒಂಬತ್ತನೇ ತಿಂಗಳಲ್ಲಿ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಲು ಆಗುತ್ತಿಲ್ಲ, ಅಂಗಿಯ ಗುಂಡಿ ಹಾಕಲು ಆಗುತ್ತಿಲ್ಲ, ತುತ್ತು ಬಾಯಿಗೆ ಹೋಗುವಷ್ಟರಲ್ಲಿ ತಣ್ಣಗಾಗುತ್ತದೆ. ನಿಗಾಕೋಣೆಯವರು ಗೋಡೆ ನೋಡಿ ಒಂದೇ ಉತ್ತರ ಕೊಡುತ್ತಿದ್ದರು: ನಿಮ್ಮ ನಂಬರ್ ಚೆನ್ನಾಗಿದೆ. ಸ್ವಲ್ಪ ದಿನದಲ್ಲಿ ಮನೆಯವರೂ ಅದನ್ನೇ ಕಲಿತರು. ಪಂಪಿನ ಮೇಲೊಂದು ಪುಟ್ಟ ಕಿಂಡಿಯಲ್ಲಿ ಅಂಕ ಕಾಣುತ್ತಿತ್ತಲ್ಲ, ಕಾಫಿ ಲೋಟ ಎತ್ತಲಾರದೆ ಕೂತವರ ಸೊಂಟ ನೋಡಿ, ಎರಡೇ ಇದೆ, ಎದ್ದು ಓಡಾಡಿ ಎಂದು ಗದರುತ್ತಿದ್ದರು. ಮೈ ಹೇಳುವುದನ್ನು ಬಿಟ್ಟು ಕಿಂಡಿ ಹೇಳುವುದನ್ನು ನಂಬುವ ಕಾಲ ಬರುತ್ತದೆಯೆಂದು ಯಾರಾದರೂ ಹೇಳಿದ್ದರೆ ಇವರೆಲ್ಲ ನಕ್ಕಿರುತ್ತಿದ್ದರು. ಅದು ಬಂದಾಗ ಯಾರಿಗೂ ಗೊತ್ತೇ ಆಗಲಿಲ್ಲ.

ಹದಿಮೂರನೇ ತಿಂಗಳಲ್ಲಿ ಸಿದ್ದೇಗೌಡರು ಬಚ್ಚಲುಮನೆಯ ಬಾಗಿಲಲ್ಲಿ ನಿಂತವರು ನಿಂತೇಬಿಟ್ಟರು. ಪಾದ ಏಳಲಿಲ್ಲ, ಮೈ ಮುಂದಕ್ಕೆ ಹೋಯಿತು. ಸೊಂಟದ ಮೂಳೆ ಮುರಿಯಿತು. ಬಿದ್ದ ಹೊತ್ತಿನಲ್ಲಿ ಕಿಂಡಿಯಲ್ಲಿದ್ದ ಅಂಕ ಎರಡು.

ಎರಡಿದ್ದವರು ಹೀಗೆ ಬೀಳಲಾರರೆಂದು ಲೋಬೊ ಹಟ ಹಿಡಿದರು. ಪ್ರಭಂಜನ ಗುರುಮಲ್ಲಪ್ಪನವರನ್ನು ಕರೆಸಿ ನಿಮ್ಮ ಅಂಕ ಏನಾದರೂ ತಪ್ಪಿರಬಹುದೇ ಎಂದು ಕೇಳಿದರು. ಮೂವತ್ತು ವರ್ಷದಲ್ಲಿ ಯಾರೂ ಕೇಳದ ಮಾತು. ಗುರುಮಲ್ಲಪ್ಪನವರಿಗೆ ಕೆನ್ನೆಗೆ ಹೊಡೆದಂತಾಯಿತು. ತಪ್ಪು ನನ್ನ ಮೂಗಿನದಲ್ಲ, ಮನೆಯವರು ಕತ್ತಿಗೆ ಕೊಬ್ಬರಿ ಎಣ್ಣೆ ತಿಕ್ಕಿರುತ್ತಾರೆ, ಬಿಲ್ಲೆ ಕುರುಡಾಗಿರುತ್ತದೆ ಎಂದುಬಿಟ್ಟರು. ಹಾಗೆಂದು ಅವರಿಗೇನೂ ಗೊತ್ತಿರಲಿಲ್ಲ. ಬಾಯಿಗೆ ಬಂದದ್ದು. ಪ್ರಭಂಜನ ಅದನ್ನು ಅಲ್ಲೇ ಬೆರಳಚ್ಚು ಮಾಡಿಸಿ ಅವರ ಸಹಿ ಹಾಕಿಸಿದರು. ಸೂಚನೆ ಪಾಲಿಸದ ಕಾರಣ ನಲವತ್ತೊಂದನೇ ರೋಗಿಯನ್ನು ಪ್ರಯೋಗದಿಂದ ಕೈಬಿಡಲಾಗಿದೆ ಎಂದು ಮನೆಗೆ ಕಾಗದ ಹೋಯಿತು. ಗೋಡೆಯ ಮೇಲೆ ಐವತ್ತೊಂಬತ್ತು ಚೌಕಗಳು ಉಳಿದವು, ಎಲ್ಲವೂ ಹಸಿರು.

*

ಒಂದು ಭಾನುವಾರ ಗುರುಮಲ್ಲಪ್ಪ ವಿದ್ಯಾರಣ್ಯಪುರಕ್ಕೆ ಹೋದರು. ನೋಡಿಕೊಂಡು ಬರೋಣವೆಂದು ಹೋದರೋ, ಎಣ್ಣೆಯ ವಾಸನೆ ಸಿಕ್ಕಿದರೆ ಮನಸ್ಸಿಗೆ ಸಮಾಧಾನವಾಗುತ್ತದೆಂದು ಹೋದರೋ ಅವರಿಗೇ ತಿಳಿಯದು. ಬಾಗಿಲು ತೆಗೆದವಳು ಮೇಷ್ಟ್ರ ಸೊಸೆ ಜಯಶೀಲ. ಅವಳ ಕೈಯಲ್ಲಿ ಸಂಸ್ಥೆಯ ಕಾಗದವಿತ್ತು, ನಾಲ್ಕು ಮಡಿಕೆಗಳಲ್ಲೂ ಹರಿಯುವಷ್ಟು ಸಲ ಓದಿದ್ದಳು. ಅವರನ್ನು ಕೂರಿಸಿ ನಿಧಾನವಾಗಿ ಹೇಳಿದಳು.

“ನಾನು ಎಣ್ಣೆ ಹಚ್ಚಿಲ್ಲ ಸಾರ್. ಹಚ್ಚಬೇಡಿ ಅಂದ ದಿನದಿಂದ ತಲೆಗೂ ಹಚ್ಚಿಲ್ಲ. ನೀವೇ ಮೂಸಿ ನೋಡಿ, ನೀವು ಮೂಸೋರಲ್ವಾ?”

ಮೇಷ್ಟ್ರು ಮಂಚದ ಮೇಲಿದ್ದರು. ಪ್ರಯೋಗದಿಂದ ಕೈಬಿಟ್ಟ ಮೇಲೆ ಹಳೇ ಮಾತ್ರೆ, ಅದೂ ಕೊನೆಯ ಅಂಕದ ಲೆಕ್ಕದಲ್ಲಿ ಬರೆದುಕೊಟ್ಟದ್ದು. ಮುಖದಲ್ಲಿ ಒಂದು ಗೆರೆಯೂ ಅಲುಗುತ್ತಿರಲಿಲ್ಲ, ಕಣ್ಣು ಮಾತ್ರ ಇವರ ಹಿಂದೆ ಬಂತು. ಗುರುಮಲ್ಲಪ್ಪ ಕೈ ಹಿಡಿದು ಮೊಣಕೈ ಮಡಿಸಲು ನೋಡಿದರು. ಮೇಜಿನ ಕಾಲು ಮಡಿಸಿದಂತಿತ್ತು. ಭರಣಿಗಳಲ್ಲೇ ಮುಳುಗಿದ್ದವರು ಒಂದು ವರ್ಷದಿಂದ ಒಬ್ಬ ರೋಗಿಯನ್ನೂ ಮುಟ್ಟಿರಲಿಲ್ಲ.

ಬಗ್ಗಿ ಕತ್ತಿನ ಹಿಂದೆ ಮೂಸಿದರು. ಎಣ್ಣೆ ಇರಲಿಲ್ಲ. ಹಳೆಯ ಉಣ್ಣೆ ಸ್ವಲ್ಪ, ಬೆಣ್ಣೆ ಸ್ವಲ್ಪ, ಎರಡು ಎನ್ನಬಹುದು. ಈ ಮೈಗೆ ಎರಡು? ಇನ್ನೊಮ್ಮೆ ಸರಿಯಾಗಿ ಮೂಸೋಣವೆಂದು ಅಭ್ಯಾಸಬಲದಿಂದ ತೋಳು ಮಡಿಸಿ ಮೊಣಕೈಯ ಮಡಿಕೆಗೆ ಮೂಗಿಟ್ಟರು, ಎರಡು ಉಸಿರು ಎಳೆದರು, ಮತ್ತೆ ಮೇಷ್ಟ್ರ ಕತ್ತಿಗೆ ಬಗ್ಗಿದರು. ಆಮೇಲೆ ಮತ್ತೆ ತೋಳು. ಮತ್ತೆ ಕತ್ತು. ನಾಲ್ಕನೇ ಸಲಕ್ಕೆ ತೋಳು ಕೆಳಗಿಳಿಸಿದರು.

ಎರಡೂ ಒಂದೇ ವಾಸನೆ. ಮೇಷ್ಟ್ರದು ಒಂದಿಷ್ಟು ಗಾಢ, ತಮ್ಮದು ಒಂದಿಷ್ಟು ತೆಳು. ಅಷ್ಟೇ ವ್ಯತ್ಯಾಸ, ಎರಡು ಅಂಕದಷ್ಟು.

ಜಯಶೀಲ ಕಾಫಿ ತರುವಷ್ಟರಲ್ಲಿ ಅವರು ಚಪ್ಪಲಿ ಮೆಟ್ಟಿಕೊಂಡು ಬೀದಿಯಲ್ಲಿದ್ದರು. ಮೋರಿಯ ಪಕ್ಕ ನಿಂತು ಕಕ್ಕಿದರು.

*

ಗೌರಾಂಬ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಗುರುಮಲ್ಲಪ್ಪ ಕಲ್ಲಿನ ಪಕ್ಕ ನೋಡಿದರು. ಅವರ ಬನಿಯನ್ನುಗಳು, ದಿಂಬಿನ ಚೀಲಗಳು ಬೇರೆ ಬಕೆಟ್ಟಿನಲ್ಲಿ ಬಿಸಿನೀರಿನಲ್ಲಿ ನೆನೆಯುತ್ತಿದ್ದವು. ಇದು ಎಷ್ಟು ದಿನದಿಂದ ಹೀಗೆ ಬೇರೆಯಾಗಿದೆ ಎಂದು ಅವರಿಗೆ ನೆನಪಾಗಲಿಲ್ಲ, ಯಾಕೆಂದರೆ ಅವರು ಯಾವತ್ತೂ ನೋಡಿರಲಿಲ್ಲ.

“ಗೌರಾ, ನನ್ನ ಮೈ ನಾರುತ್ತಾ?”

ಅವಳು ಬಟ್ಟೆ ಹಿಂಡುವುದನ್ನು ನಿಲ್ಲಿಸಲಿಲ್ಲ. ಎರಡು ವರ್ಷ ಆಯ್ತು ಎಂದಳು. ದಿಂಬಿನ ಚೀಲ ದಿನ ಬಿಟ್ಟು ದಿನ ಬದಲಾಯಿಸುತ್ತಿದ್ದಳು. ಬೆವರಲ್ಲ, ಬೆವರು ಗೊತ್ತಾಗುತ್ತದೆ. ಹಳೇ ಕಂಬಳಿ ನೆನೆದು ಒಣಗಿದ ಹಾಗೆ. ಮೊದಮೊದಲು ಅಲ್ಲಿಂದಲೇ, ಆ ಭರಣಿಗಳಿಂದಲೇ ಹತ್ತಿಕೊಂಡು ಬರುತ್ತದೆ ಅಂದುಕೊಂಡಿದ್ದಳು. ಆದರೆ ನೀವು ಅಲ್ಲಿಗೆ ಸೇರುವ ಮುಂಚೆಯೇ ಶುರುವಾಗಿತ್ತಲ್ಲ ಎಂದಳು. ಎಡಗೈ ಬೀಸದೆ ನಡೆಯುವುದನ್ನೂ, ಬರೆಯುವ ಅಕ್ಷರ ಸಾಸಿವೆಯಷ್ಟಾಗಿರುವುದನ್ನೂ, ಹಾಲು ಸೀದದ್ದು ಎರಡು ಸಲ ಅವರ ಮೂಗಿಗೆ ತಿಳಿಯದೆ ಹೋದದ್ದನ್ನೂ ಹೇಳಿದಳು. ಎಲ್ಲವನ್ನೂ ಬಟ್ಟೆ ಜಾಲಿಸುತ್ತಲೇ ಹೇಳಿದಳು.

“ಹೇಳ್ಬೇಕಾಗಿತ್ತಲ್ವೇ ನೀನು?”

“ಯಾರಿಗ್ರೀ ಹೇಳೋದು? ನಿಮ್ಗಾ?”

ಗುರುಮಲ್ಲಪ್ಪನವರಿಗೆ ಆವರೆಗೆ ಯಾವ ಭರಣಿಯೂ ಕೊಡದಷ್ಟು ಅಸಹ್ಯ ಆ ಕ್ಷಣ ತಮ್ಮ ಮೇಲೆಯೇ ಬಂತು. ರೋಗದ ಮೇಲಲ್ಲ. ರೋಗ ಯಾರಿಗಾದರೂ ಬರಬಹುದು. ಮನೆಯೊಳಗಿದ್ದ ಒಂದು ಸರಿಯಾದ ಮೂಗನ್ನು ಇಪ್ಪತ್ತೆಂಟು ವರ್ಷ ನಗೆಪಾಟಲು ಮಾಡಿ, ಮೇಷ್ಟ್ರ ಮನೆಯ ಸೊಸೆಯ ಮೇಲೆ ಎಣ್ಣೆ ಹಚ್ಚಿದ ಸುಳ್ಳು ಹೊರಿಸಿ, ತಮ್ಮ ತೋಳನ್ನು ಲೋಕದ ಸೊನ್ನೆ ಎಂದು ನಂಬಿಕೊಂಡು ಬಂದ ಆ ಮನುಷ್ಯನ ಮೇಲೆ.

*

ಸೋಮವಾರ ಅವರು ಮೊದಲು ಹೇಳಿದ್ದು ಲೋಬೊ ಅವರಿಗೆ. ಲೋಬೊ ನೆಲಮಾಳಿಗೆಯ ಶೀತಲ ಪೆಟ್ಟಿಗೆ ತೆಗೆಸಿದರು. ಮೊದಲ ತಿಂಗಳ ಬಟ್ಟೆಗಳು ಅಲ್ಲಿ ಹಿಮದಲ್ಲಿ ಕೆಡದೆ ಉಳಿದಿದ್ದವು. ಸಂಖ್ಯೆ ಮರೆಮಾಡಿ ಹತ್ತನ್ನು ಎದುರಿಗಿಟ್ಟರು. ಗುರುಮಲ್ಲಪ್ಪ ಎಂದಿನಂತೆ ತೋಳು ಮೂಸಿ, ಭರಣಿ ಮೂಸಿ ಅಂಕ ಬರೆದರು. ಅಂದು ಎಂಟು ಬರೆದದ್ದಕ್ಕೆ ಇಂದು ಮೂರು, ಏಳಕ್ಕೆ ಎರಡು, ಐದಕ್ಕೆ ಸೊನ್ನೆ. ಬಟ್ಟೆ ಬದಲಾಗಿರಲಿಲ್ಲ. ಅವರ ಮೈಯ ವಾಸನೆ ತಿಂಗಳಿಂದ ತಿಂಗಳಿಗೆ ಏರುತ್ತ ಹೋಗಿತ್ತು, ಆ ಮೈಯನ್ನೇ ಸೊನ್ನೆ ಎಂದುಕೊಂಡು ಅಳೆದ ಮೂಗಿಗೆ ರೋಗಿಗಳೆಲ್ಲ ವಾಸಿಯಾಗುತ್ತಿರುವಂತೆ ಕಂಡಿತ್ತು. ಯಂತ್ರ ಒಳ್ಳೆಯ ವಿದ್ಯಾರ್ಥಿ. ಗುರುಮಲ್ಲಪ್ಪ ಹೇಳಿಕೊಟ್ಟದ್ದನ್ನು ತಪ್ಪಿಲ್ಲದೆ ಕಲಿತಿತ್ತು.

ಈ ರೋಗದಲ್ಲಿ ವಾಸನೆ ತಿಳಿಯುವ ಶಕ್ತಿಯೇ ಮೊದಲು ಹೋಗುತ್ತದೆ ಎಂದರು ಲೋಬೊ. ನಿಮ್ಮದು ಅರ್ಧ ಹೋದರೂ ನಮ್ಮೆಲ್ಲರದಕ್ಕಿಂತ ಹೆಚ್ಚು ಉಳಿದಿತ್ತು, ಅದಕ್ಕೇ ಯಾರಿಗೂ ತಿಳಿಯಲಿಲ್ಲ ಎಂದರು. ಹತ್ತಿಯ ಪೊಟ್ಟಣವನ್ನು ಕಪಾಟಿಗೆ ಸೇರಿಸಿದ್ದು ನಾನೇ ಎಂದೂ ಹೇಳಿಕೊಂಡರು.

ಇಬ್ಬರೂ ಪ್ರಭಂಜನರ ಕೋಣೆಗೆ ಹೋದರು. ಅವರು ಸಿಟ್ಟಾಗಲಿಲ್ಲ, ಗಾಬರಿಯೂ ಆಗಲಿಲ್ಲ. ಬಾಗಿಲು ಹಾಕಿ ಬರಲು ಹೇಳಿದರು. ಇನ್ನು ಹದಿನೈದು ದಿನದಲ್ಲಿ ಐವರು ನರರೋಗ ತಜ್ಞರ ಸಮಿತಿ ಬರುವುದಿತ್ತು. ನಲವತ್ತು ಆಸ್ಪತ್ರೆಗಳಿಗೆ ಈ ಯಂತ್ರ ಕೊಡಬಹುದೇ ಎಂದು ಅವರು ತೀರ್ಮಾನಿಸಬೇಕಿತ್ತು. ಈಗ ಪಂಪುಗಳನ್ನು ಸರಿಮಾಡಿದರೆ ಆ ಇಳಿಯುವ ಗೆರೆ ಒಮ್ಮೆಗೇ ಮೇಲೆ ಹಾರುತ್ತದೆ. ಆದ್ದರಿಂದ ಸಮಿತಿ ಒಪ್ಪಲಿ, ಆಮೇಲೆ ತಿಂಗಳಿಗೆ ಒಂದೊಂದು ಅಂಕದಂತೆ ಸದ್ದಿಲ್ಲದೆ ಸರಿಮಾಡೋಣ ಎಂದರು. ಅಷ್ಟರಲ್ಲಿ ಬೀಳುವುದಕ್ಕೆ ಇನ್ನೂ ಐವತ್ತೊಂಬತ್ತು ಬಚ್ಚಲುಬಾಗಿಲುಗಳಿವೆಯಲ್ಲ ಎಂದು ಲೋಬೊ ಕೇಳಿದ್ದಕ್ಕೆ, ಬೀಳುವವರು ಹೇಗಿದ್ದರೂ ಬೀಳುತ್ತಾರೆ, ವಯಸ್ಸಾದವರು ಎಂದರು. ನಂತರ ಗುರುಮಲ್ಲಪ್ಪನವರ ಕಡೆ ತಿರುಗಿ ದನಿ ಮೃದು ಮಾಡಿಕೊಂಡರು.

“ನಿಮ್ಗೂ ಬೇಕಾಗುತ್ತಲ್ಲ ಗುರುಮಲ್ಲಪ್ಪನವ್ರೇ. ಮೊದಲನೇ ಪಂಪು ನಿಮ್ಗೇ. ಸರಿಯಾದ ಸೆಟ್ಟಿಂಗಲ್ಲಿ. ಜೀವನಪೂರ್ತಿ ನಾವು ನೋಡ್ಕೋತೀವಿ.”

ನಿಂಬೆಯ ವಾಸನೆ ಮೇಜು ದಾಟಿ ಬಂದು ಗಂಟಲಿಗೆ ಅಂಟಿತು. ಅದರ ಅಡಿಯಲ್ಲಿ ಮನುಷ್ಯನ ವಾಸನೆ ಏನಾದರೂ ಇದೆಯೇ ಎಂದು ಗುರುಮಲ್ಲಪ್ಪ ಹುಡುಕಿದರು, ಸಿಗಲಿಲ್ಲ. ಆಸೆ ಆಗಲಿಲ್ಲವೆಂದರೆ ಸುಳ್ಳು. ಮೇಜಿನ ಕಾಲಿನಂಥ ಆ ಕೈಯನ್ನು ಹಿಡಿದು ನೋಡಿ ಬಂದಿದ್ದರು, ತಮ್ಮ ಮುಂದಿನ ಹತ್ತು ವರ್ಷ ಹೇಗಿರುತ್ತದೆಂದು ಗೊತ್ತಿತ್ತು. ಆಗಲಿ ಎಂದು ಹೇಳಿ ಎದ್ದು ಬಂದರು. ಮೊಗಸಾಲೆಯಲ್ಲಿ ಲೋಬೊ ಗುರುಮಲ್ಲಪ್ಪನವರ ಮುಖ ನೋಡಲಿಲ್ಲ. ಹೇಸಿಗೆಯಿಂದ ನೋಡಲಿಲ್ಲ. ಗುರುಮಲ್ಲಪ್ಪ ಅವರ ಹಿಂದೆಯೇ ಹೋಗಿ, ಸಮಿತಿ ಬರುವುದನ್ನು ಹದಿನೈದು ದಿನದಿಂದ ಎರಡು ದಿನಕ್ಕೆ ತರಲು ಆಗುತ್ತದೆಯೇ ಎಂದು ಕೇಳಿದರು. ಆ ಸಮಿತಿಯ ಹಿರಿಯ ವೈದ್ಯೆ ಲೋಬೊ ಅವರ ಗುರು ಎಂದು ಅವರಿಗೆ ತಿಳಿದಿತ್ತು.

*

ಬುಧವಾರ ಬೆಳಿಗ್ಗೆ ಐವರೂ ಬಂದರು. ಹಿರಿಯರಿಗೆ ಬೇರೆ ದಿನ ಬಿಡುವಿಲ್ಲವಂತೆ ಎಂದು ತಿಳಿದು ಪ್ರಭಂಜನ ಓಡಾಡಿ ಎಲ್ಲ ಸಜ್ಜು ಮಾಡಿಸಿದ್ದರು. ನಿಗಾಕೋಣೆಗೆ ಡಬ್ಬಿಯಿಂದ ಮಲ್ಲಿಗೆ ಹೊಡೆಸಿದ್ದರು. ವಾಸನೆಯ ಯಂತ್ರ ತೋರಿಸುವ ಕೋಣೆಗೆ ಡಬ್ಬಿಯ ಮಲ್ಲಿಗೆ! ಗುರುಮಲ್ಲಪ್ಪ ಕರವಸ್ತ್ರ ಮೂಗಿಗೊತ್ತಿಕೊಂಡು ಕಿಟಕಿಗಳನ್ನೆಲ್ಲ ತೆರೆದರು.

ಮೊದಲು ಒಬ್ಬ ಆರೋಗ್ಯವಂತ, ಆಮೇಲೆ ಒಬ್ಬ ರೋಗಿ, ಇಬ್ಬರಿಗೂ ಬಿಲ್ಲೆ ಹಾಕಿ ವ್ಯತ್ಯಾಸ ತೋರಿಸುವುದು ಯೋಜನೆ. ಆರೋಗ್ಯವಂತನೆಂದು ಕಚೇರಿಯ ಗುಮಾಸ್ತನನ್ನು ಕೂರಿಸಿದ್ದರು. ಗುರುಮಲ್ಲಪ್ಪ ಅವನ ಭುಜ ತಟ್ಟಿ ಎಬ್ಬಿಸಿ ಆ ಕುರ್ಚಿಯಲ್ಲಿ ತಾವು ಕೂತರು. ಪ್ರಭಂಜನರಿಗೆ ಇದು ಹಿಡಿಸಲಿಲ್ಲ, ಆದರೆ ಐವರ ಎದುರು ಏನು ಹೇಳುತ್ತಾರೆ? ಯಂತ್ರಕ್ಕೆ ಪಾಠ ಹೇಳಿದವರು ಇವರೇ ಎಂದು ನಕ್ಕು ಪರಿಚಯಿಸಿದರು. ಲೋಬೊ ಹಿಂಗತ್ತಿಗೆ ಬಿಲ್ಲೆ ಅಂಟಿಸಿದರು. ಅವರ ಬೆರಳು ಬಿಸಿಯಾಗಿತ್ತು.

ಬಿಲ್ಲೆ ಕಾಯಲು ಹತ್ತು ನಿಮಿಷ ಬೇಕು. ಆಮೇಲೆ ಗೋಡೆಯ ಮೇಲೆ ಹೊಸದೊಂದು ಚೌಕ ಮೂಡಿತು. ಹಸಿರು. ಅದರೊಳಗೆ ದೊಡ್ಡದಾಗಿ ಸೊನ್ನೆ. ಯಾರೋ ಚಪ್ಪಾಳೆ ತಟ್ಟಿದರು.

ಗುರುಮಲ್ಲಪ್ಪ ಎಡಗೈಯನ್ನು ಮುಂದೆ ಚಾಚಿ ಹೆಬ್ಬೆರಳು ತೋರುಬೆರಳುಗಳನ್ನು ತಾಕಿಸಿ ಬಿಡಿಸತೊಡಗಿದರು. ವೈದ್ಯರು ಪರೀಕ್ಷಿಸುವಾಗ ಮಾಡಿಸುವುದು ಅದನ್ನೇ, ಲೋಬೊ ಹೇಳಿಕೊಟ್ಟಿದ್ದರು. ಮೊದಲ ಐದಾರು ಸಲ ಬೆರಳು ಅಗಲವಾಗಿ ತೆರೆದವು. ಆಮೇಲೆ ಕಿರಿದಾದವು, ತಡೆದವು, ಮತ್ತೆ ತಡೆದವು. ಹದಿನೈದನೇ ಸಲಕ್ಕೆ ಎರಡೂ ಬೆರಳು ಅಂಟಿಕೊಂಡು ಅಲ್ಲೇ ನಡುಗುತ್ತ ನಿಂತವು. ಎದ್ದು ಬಾಗಿಲವರೆಗೆ ನಡೆದು ಬಂದರು. ಬಲಗೈ ಬೀಸುತ್ತಿತ್ತು, ಎಡಗೈ ಪಕ್ಕಕ್ಕೆ ಅಂಟಿಕೊಂಡಿತ್ತು. ಆ ಕೋಣೆಯಲ್ಲಿದ್ದ ಐವರೂ ಜೀವಮಾನವೆಲ್ಲ ಅದೇ ನಡಿಗೆ ನೋಡಿದವರು.

ಹಿರಿಯ ವೈದ್ಯೆ ಕನ್ನಡಕ ತೆಗೆದು, ಈ ಕೈ ಎಷ್ಟು ದಿನದಿಂದ ಹೀಗಿದೆ ಎಂದು ಕೇಳಿದರು.

“ಮಿಷನ್ನನ್ನೇ ಕೇಳಿ ಅಮ್ಮಾವ್ರೇ. ನಂಗೆ ಏನೂ ಇಲ್ಲ ಅಂತಿದೆ. ಅದಕ್ಕೆ ಆರೋಗ್ಯ ಅಂದ್ರೆ ಏನು ಅಂತ ಹೇಳ್ಕೊಟ್ಟೋನು ನಾನೇ.”

ಉಳಿದದ್ದನ್ನು ಲೋಬೊ ಹೇಳಿದರು, ಹಿಮದಿಂದ ತೆಗೆದ ಹತ್ತು ಭರಣಿಗಳ ಅಂಕಪಟ್ಟಿ ಮುಂದಿಟ್ಟರು. ಪ್ರಭಂಜನ ನಡುವೆ ಎರಡು ಸಲ ಬಾಯಿ ತೆರೆದರು, ಹಿರಿಯ ವೈದ್ಯೆ ಎರಡು ಸಲವೂ ಕೈ ಎತ್ತಿ ತಡೆದರು. ಮಧ್ಯಾಹ್ನದ ಹೊತ್ತಿಗೆ ಐವತ್ತೊಂಬತ್ತು ಪಂಪುಗಳನ್ನೂ ಅಂಕ ಸರಿಯಿದ್ದ ಮೊದಲ ತಿಂಗಳುಗಳ ಲೆಕ್ಕಕ್ಕೆ ಹಿಂದಿರುಗಿಸಿದರು. ಗೋಡೆಯ ಮೇಲಿನ ಚೌಕಗಳೆಲ್ಲ ಒಂದೊಂದಾಗಿ ಕೆಂಪಾದವು. ಎಷ್ಟೋ ತಿಂಗಳ ಮೇಲೆ ಆ ಗೋಡೆ ನಿಜ ಹೇಳಿತು.

*

ವಿದ್ಯಾರಣ್ಯಪುರಕ್ಕೆ ಅವರು ಅಂದು ಸಂಜೆಯೇ ಹೋದರು. ಎಣ್ಣೆಯ ಮಾತು ಸುಳ್ಳು, ಹೇಳಿದವನು ನಾನೇ, ಸಹಿಯೂ ನನ್ನದೇ ಎಂದು ಜಯಶೀಲಳಿಗೆ ಹೇಳಿದರು. ಅವಳು ಬಯ್ಯುತ್ತಾಳೆಂದು ಸಿದ್ಧವಾಗಿ ಹೋಗಿದ್ದರು. ಅವಳು ಬಯ್ಯಲಿಲ್ಲ. ಗೋಡೆಗೊರಗಿ ನಿಂತು ಮಾವನ ಮಂಚದ ಕಡೆ ನೋಡಿದಳು.

“ಎರಡೇ ಇದೆ, ಸೋಂಬೇರಿತನ ಮಾಡ್ಬೇಡಿ ಅಂತ ನಾನೇ ಎಬ್ಬಿಸಿ ಕಳ್ಸಿದ್ದು ಸಾರ್, ಬಚ್ಚಲಿಗೆ.”

ಗುರುಮಲ್ಲಪ್ಪ ಮಂಚದ ಪಕ್ಕಕ್ಕೆ ಸ್ಟೂಲು ಎಳೆದುಕೊಂಡರು. ಮೇಷ್ಟ್ರ ಪಂಪನ್ನು ಮತ್ತೆ ಹಾಕಲು ಲೋಬೊ ಕಳಿಸಿದ್ದ ನರ್ಸು ಬರುವವರೆಗೆ ಅಲ್ಲೇ ಕೂತಿದ್ದರು. ಮೂಳೆ ಕೂಡಬಹುದು, ನಡಿಗೆ ಬರಲಾರದು ಎಂದು ನರ್ಸು ಹೊರಗೆ ಬಂದು ಹೇಳಿದಳು.

ಕೆಲಸ ನಿಲ್ಲಲಿಲ್ಲ. ಪ್ರಭಂಜನ ಹೋದರು, ಚೌಕಟ್ಟಿನ ಗೆರೆಯೂ ಹೋಯಿತು. ಲೋಬೊ ಹೊಸ ನಿಯಮ ಬರೆದರು: ಮೂಸುವವರು ಮೂವರಿರಬೇಕು, ಯಾರೂ ತಮ್ಮ ಮೈಯನ್ನು ಸೊನ್ನೆ ಮಾಡಿಕೊಳ್ಳಕೂಡದು, ತಿಂಗಳಿಗೊಮ್ಮೆ ಹಿಮದ ಬಟ್ಟೆ ಮೂಸಿ ಹಳೆಯ ಅಂಕಕ್ಕೆ ಹೋಲಿಸಬೇಕು. ಮೂವರನ್ನು ಆರಿಸಲು ಅರವತ್ತು ಜನರನ್ನು ಪರೀಕ್ಷಿಸಿದರು. ಗೌರಾಂಬ ಬರುವುದಿಲ್ಲವೆಂದಳು, ಲೋಬೊ ಎರಡು ಸಲ ಮನೆಗೆ ಬಂದು ಕರೆದ ಮೇಲೆ ಹೊರಟಳು. ಅವಳು ಎಲ್ಲರಿಗಿಂತ ಮೊದಲು ನಿಂತಳು.

ಮೊದಲ ದಿನ ಅವಳ ಮುಂದೆ ಇಪ್ಪತ್ತು ಭರಣಿಗಳು ಬಂದು ಕೂತವು. ಗುರುಮಲ್ಲಪ್ಪ ಗಾಜಿನ ಆಚೆ ಕುರ್ಚಿಯಲ್ಲಿದ್ದರು, ಅವರ ಸೊಂಟದಲ್ಲಿ ಈಗ ಪಂಪಿತ್ತು. ಉಳಿದವರಂತೆ ಸರದಿಯಲ್ಲಿ ನಿಂತು ಹಾಕಿಸಿಕೊಂಡದ್ದು. ಅವರ ಬಟ್ಟೆಯೂ ಆ ಇಪ್ಪತ್ತರಲ್ಲಿತ್ತು, ಯಾವ ಸಂಖ್ಯೆಯೆಂದು ಲೋಬೊ ಒಬ್ಬರಿಗೇ ಗೊತ್ತು. ಗೌರಾಂಬ ಕನ್ನಡಕ ತೆಗೆದಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದೊಂದನ್ನೇ ಮೂಸಿ ಬರೆದಳು. ಮುಖ ಸಿಂಡರಿಸಲಿಲ್ಲ. ಹನ್ನೆರಡನೆಯದನ್ನು ಮೂಸಿದವಳು ಎರಡನೇ ಸಲ ಮೂಸಲಿಲ್ಲ, ತಲೆ ಎತ್ತಿ ಗಾಜಿನ ಆಚೆಗೂ ನೋಡಲಿಲ್ಲ. ಬರೆದು ಮುಚ್ಚಿ ಮುಂದಿನದಕ್ಕೆ ಹೋದಳು.

ಸಂಜೆ ಪಟ್ಟಿ ಬಂತು. ಹನ್ನೆರಡನೆಯದಕ್ಕೆ ಆರು. ಉಳಿದಿಬ್ಬರು ಐದು ಕೊಟ್ಟಿದ್ದರು, ಹಿಮದ ಬಟ್ಟೆಗಳಿಗೆ ಹೋಲಿಸಿ ನೋಡಿದಾಗ ಸರಿಯಾಗಿದ್ದದ್ದು ಆರೇ. ಅಂದೇ ಪಂಪನ್ನು ಅಷ್ಟಕ್ಕೆ ಏರಿಸಿದರು. ಗಂಡನದೆಂದು ಗೊತ್ತಿದ್ದೂ ಒಂದಂಕ ಕಡಿಮೆ ಹಾಕಬೇಕು ಅನ್ನಿಸಲಿಲ್ಲವೇ ಎಂದು ಲೋಬೊ ನಗುತ್ತ ಕೇಳಿದರು. ಗೌರಾಂಬ ಕನ್ನಡಕ ಹಾಕಿಕೊಂಡು ಗಂಡನ ತೋಳು ಹಿಡಿದು ಎಬ್ಬಿಸುತ್ತಿದ್ದಳು.

“ನಾನ್ಯಾಕೆ ಸುಳ್ಳು ಹೇಳ್ಲಿ ಡಾಕ್ಟ್ರಮ್ಮ? ಇಷ್ಟು ವರ್ಷ ಯಾರೂ ಕೇಳಿರ್ಲಿಲ್ಲ, ಅಷ್ಟೇ.”

ಗುರುಮಲ್ಲಪ್ಪ ಬಾಗಿಲ ಹತ್ತಿರ ಬಂದು ಒಂದು ಕ್ಷಣ ನಿಂತರು. ಪಾದ ಏಳಲಿಲ್ಲ. ಗೌರಾಂಬ ಅವಸರ ಮಾಡಲಿಲ್ಲ. ಪಕ್ಕದಲ್ಲಿ ನಿಂತು ಮೆಲ್ಲಗೆ ಎಡ, ಬಲ, ಎಡ, ಬಲ ಎಂದು ಹೇಳತೊಡಗಿದಳು. ಅವರು ಬಾಗಿಲು ದಾಟಿದರು.